ಒಲಾಪರಿಬ್ ಮಾತ್ರೆ: ಎರಡು ವರ್ಷ ನುಂಗಿದವಳ ವಿಮರ್ಶೆ

ಮಿಕ್ಸಿ, ಕುಕ್ಕರ್, ಮಡಚುವ ಛತ್ರಿ, ಬೆಂಗಳೂರು ಬಸ್ಸಿನ ಸ್ಲೀಪರ್ ಬರ್ತು, ಎಲ್ಲದರ ಬಗ್ಗೆಯೂ ನಾನು ವಿಮರ್ಶೆ ಬರೆದಿದ್ದೇನೆ. ಮನೆಯವರು ನಗುತ್ತಾರೆ. ಅಷ್ಟು ದುಡ್ಡು ಕೊಟ್ಟಿರುತ್ತೇವೆ, ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ನನ್ನ ವಾದ. ಹಾಗೆ ನೋಡಿದರೆ ನಾನು ಅತಿ ಜಾಸ್ತಿ ದುಡ್ಡು ಸುರಿದದ್ದು ಒಂದು ಮಾತ್ರೆಗೆ. ಅದರ ಬಗ್ಗೆ ಮಾತ್ರ ಇಷ್ಟು ದಿನ ಬರೆದಿರಲಿಲ್ಲ. ಹೆಸರು ಒಲಾಪರಿಬ್, ಕ್ಯಾನ್ಸರಿನ ಮದ್ದು. 2022ರ ಫೆಬ್ರವರಿಯಿಂದ 2024ರ ಫೆಬ್ರವರಿವರೆಗೆ, ನಡುವೆ ನಾಲ್ಕು ವಾರ ಬಿಟ್ಟರೆ, ದಿನಾ ಬೆಳಿಗ್ಗೆ ಏಳಕ್ಕೆ ಎರಡು, ಸಂಜೆ ಏಳಕ್ಕೆ ಎರಡು.

ನಾನು ತೀರ್ಥಹಳ್ಳಿ ಕಡೆಯವಳು. ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡಿದ್ದೆ. ಕೊನೆಯ ಹನ್ನೆರಡು ವರ್ಷ ನನ್ನ ಮೇಜಿನ ಮೇಲೆ ಕಂಪ್ಲೇಂಟ್ ಫೋನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಫೋನ್ ಕೆಳಗೆ ಇಟ್ಟರೆ ಕೇಳಿ. ಮರ ಬಿತ್ತು, ಕಂಬ ವಾಲಿತು, ತಂತಿ ಕಡಿಯಿತು, ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟಿತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಅಂತ ಡಾಕ್ಟರು ಮೂರು ಸಲ ಹೇಳಿದರೂ ನನ್ನ ತಲೆಗೆ ಹೋಗಿರಲಿಲ್ಲ. ಕರೆಂಟ್ ಆಫೀಸಿನ ಲೆಕ್ಕದಲ್ಲಿ ಹೇಳಿದಾಗ ಹೋಯಿತು.

2021ರ ಬೇಸಿಗೆಯಲ್ಲಿ ಹೊಟ್ಟೆ ಉಬ್ಬರ ಶುರುವಾಯಿತು. ಅರ್ಧ ತಟ್ಟೆ ಅನ್ನಕ್ಕೇ ಸಾಕು ಅನ್ನಿಸುತ್ತಿತ್ತು. ಗ್ಯಾಸ್ಟ್ರಿಕ್ ಅಂದುಕೊಂಡು ಜೀರಿಗೆ ಕಷಾಯ ಕುಡಿದೆ. ಕೊರೊನಾ ಎರಡನೇ ಅಲೆ ಬೇರೆ, ಆಸ್ಪತ್ರೆ ಅಂದರೆ ಭಯ. ನನಗೆ ಅನುಮಾನ ಬಂದದ್ದು ಸೀರೆಯಿಂದ. ಅದೇ ಸೀರೆ, ಅದೇ ನಾನು, ನೆರಿಗೆ ಮಾತ್ರ ಏಳಿದ್ದದ್ದು ಐದಕ್ಕೆ ಇಳಿದಿತ್ತು. ಕೈಕಾಲು ಸಣ್ಣಗಾಗುತ್ತಿದ್ದವು, ಹೊಟ್ಟೆ ದೊಡ್ಡದಾಗುತ್ತಿತ್ತು. ಅಂಡಾಶಯದ ಕ್ಯಾನ್ಸರ್, ಮೂರನೇ ಹಂತ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಂದರಂತೆ ಆರು ಕೀಮೊ, ಕಾರ್ಬೊಪ್ಲಾಟಿನ್ ಮತ್ತು ಪ್ಯಾಕ್ಲಿಟಾಕ್ಸೆಲ್. ಆ ಕಥೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ, ಬಿಡಿ.

ಈ ಮಾತ್ರೆ ಕೊಡುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಬೇಕು. ಬಿಆರ್‌ಸಿಎ ಅನ್ನುವ ವಂಶವಾಹಿ, ಅಂದರೆ ಜೀನ್, ಸರಿ ಇದೆಯೋ ಇಲ್ಲವೋ ನೋಡುವ ಪರೀಕ್ಷೆ. ನಾನು ಕೊಟ್ಟ ಲ್ಯಾಬಿನವರು ಮೂರು ವಾರ ಅಂದರು. ಆರು ವಾರ ಮಾಡಿದರು. ಫೋನ್ ಮಾಡಿದರೆ, 'ಪ್ರೊಸೆಸ್‌ನಲ್ಲಿದೆ ಮೇಡಂ.' ಹನ್ನೆರಡು ವರ್ಷ ನಾನೇ ಜನರಿಗೆ 'ಲೈನ್‌ಮನ್ ಹೊರಟಿದ್ದಾರೆ' ಅಂತ ಹೇಳಿಕೊಂಡು ಬಂದವಳು. ಆ ಉತ್ತರದ ಅರ್ಥ ನನಗೆ ಚೆನ್ನಾಗಿ ಗೊತ್ತು.

ಕೊನೆಗೂ ರಿಪೋರ್ಟ್ ಬಂತು. ಬಿಆರ್‌ಸಿಎ1ರಲ್ಲಿ 185ಡೆಲ್ಎಜಿ. ಸಾವಿರಾರು ಅಕ್ಷರ ಉದ್ದದ ಆ ಜೀನಿನ ಶುರುವಿನಲ್ಲೇ ಎ ಮತ್ತು ಜಿ ಅನ್ನುವ ಎರಡು ಅಕ್ಷರ ಬಿಟ್ಟುಹೋಗಿವೆ. ಎರಡೇ ಅಕ್ಷರ. ಆದರೆ ಜೀವಕೋಶ ಈ ಬರಹವನ್ನು ಮೂರು ಮೂರು ಅಕ್ಷರವಾಗಿ ಓದುವುದರಿಂದ, ಎರಡು ಹೋದರೆ ಮುಂದಿನದೆಲ್ಲ ತಪ್ಪಾಗುತ್ತದೆ. ಮೀಟರ್ ರೀಡಿಂಗ್ ಪುಸ್ತಕದಲ್ಲಿ ಎರಡು ಮನೆ ಬಿಟ್ಟು ಬರೆದರೆ ಮುಂದಿನ ಬಿಲ್ಲೆಲ್ಲ ಯಾರದ್ದೋ ಯಾರಿಗೋ ಹೋದ ಹಾಗೆ. ಯುರೋಪಿನ ಯಹೂದಿ ಮನೆತನಗಳಲ್ಲಿ ಪದೇ ಪದೇ ಸಿಗುವ ತಪ್ಪು ಇದು. ನಮ್ಮ ದೇಶದ ಕುಟುಂಬಗಳಲ್ಲೂ ಸಿಗುತ್ತದೆ. ನಮ್ಮ ಅಮ್ಮ 'ಹೊಟ್ಟೆಗಡ್ಡೆ'ಯಲ್ಲಿ ಹೋದಾಗ ನನಗೆ ಹತ್ತೊಂಬತ್ತು. ಯಾವ ಗಡ್ಡೆ ಅಂತ ಆಗ ಯಾರೂ ಕೇಳಿರಲಿಲ್ಲ.

ರಿಪೋರ್ಟನ್ನು ನನಗೆ ಬಿಡಿಸಿ ಹೇಳಿದ್ದು ತಂಗಿಯ ಮಗಳು. ಶಂಕರಘಟ್ಟದಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವಳು. ಜಗಲಿಯಲ್ಲಿ ಅಡಿಕೆ ಸುಲಿಯುವ ಮಣೆಯ ಮೇಲೆ ಕೂತು, ಹಳೆ ಲೈಟ್ ಬಿಲ್ಲಿನ ಹಿಂದೆ ಎರಡು ಗೆರೆ ಎಳೆದಳು.

'ದೊಡ್ಡಮ್ಮ, ಇದು ಡಿಎನ್‌ಎ. ಎರಡು ತಂತಿ ಅಂದುಕೊಳ್ಳಿ. ಪ್ರತಿಯೊಂದು ಜೀವಕೋಶದಲ್ಲೂ ದಿನಕ್ಕೆ ಸಾವಿರಾರು ಸಲ ಎಲ್ಲಾದರೂ ಒಂದು ತಂತಿ ಕಡಿಯುತ್ತೆ.'

'ಒಂದೇ ತಾನೆ? ಇನ್ನೊಂದಿದೆಯಲ್ಲ' ಅಂದೆ.

'ಅದಕ್ಕೇ ನಾವು ಬದುಕಿರೋದು.'

ಕಡಿದ ಜಾಗವನ್ನು ಮೊದಲು ಹುಡುಕಿ ಹೋಗುವುದು ಪಾರ್ಪ್-1 ಅನ್ನುವ ಕಿಣ್ವ. ಕಿಣ್ವ ಅಂದರೆ ಎಂಜೈಮ್. ನಮ್ಮ ಲೈನ್‌ಮನ್ ಅಂತಲೇ ಇಟ್ಟುಕೊಳ್ಳಿ. ಕಡಿದಲ್ಲಿ ಹತ್ತಿ ಕೂತು, ತನ್ನ ಮೈಗೇ ಒಂದು ಉದ್ದನೆ ಸರ ಪೋಣಿಸಿಕೊಳ್ಳುತ್ತದೆ. ಸರದ ಮಣಿ ಬರುವುದು ಎನ್‌ಎಡಿ ಅನ್ನುವ ವಸ್ತುವಿನಿಂದ, ಬಿ3 ವಿಟಮಿನ್ನಿಂದ ಮೈ ತಾನೇ ಮಾಡಿಕೊಳ್ಳುವಂಥದ್ದು. ಆ ಸರವೇ ಕೆಂಪು ಬಾವುಟ. ಅದನ್ನು ನೋಡಿ ಉಳಿದ ರಿಪೇರಿಯವರು ಓಡಿ ಬರುತ್ತಾರೆ. ಇಲ್ಲೊಂದು ಚಂದದ ಸಂಗತಿ ಇದೆ. ಡಿಎನ್‌ಎಗೆ ಇರುವುದು ನೆಗೆಟಿವ್ ಚಾರ್ಜ್. ಈ ಸರಕ್ಕೂ ನೆಗೆಟಿವ್. ಸರ ಉದ್ದವಾದ ಹಾಗೆ ಒಂದನ್ನೊಂದು ತಳ್ಳಿ, ಪಾರ್ಪ್ ತಾನಾಗಿ ಕೆಳಗೆ ಇಳಿದುಬಿಡುತ್ತದೆ. ಉಳಿದವರು ತಂತಿ ಬೆಸೆಯುತ್ತಾರೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಪಿಯರ್ ಶಾಂಬೋನ್ ಮತ್ತು ಜೊತೆಗಾರರು ಈ ಕೆಲಸದ ಮೊದಲ ಸುಳಿವು ಕಂಡದ್ದು 1963ರಲ್ಲಿ.

ಒಲಾಪರಿಬ್ ಮಾಡುವುದು ಇಷ್ಟೇ. ಪಾರ್ಪ್‌ನಲ್ಲಿ ಎನ್‌ಎಡಿ ಬಂದು ಕೂರುವ ಗೂಡಿನಲ್ಲಿ ತಾನು ಹೋಗಿ ಕೂತುಬಿಡುತ್ತದೆ. ಮಣಿ ಇಲ್ಲ, ಸರ ಇಲ್ಲ, ಬಾವುಟ ಇಲ್ಲ. ಪಾರ್ಪ್‌ಗೆ ಇಳಿಯಲಿಕ್ಕೂ ಆಗುವುದಿಲ್ಲ. ನನಗೆ ಲೈಟ್ ಹೊತ್ತಿದ್ದು ಇಲ್ಲಿ. 'ಅಂದರೆ ಲೈನ್ ಕ್ಲಿಯರ್ ತಗೊಂಡವನು ವಾಪಸ್ ಕೊಡದೆ ಕಂಬದ ಮೇಲೇ ಉಳಿದ ಹಾಗಾಯ್ತಲ್ಲೇ!' ಅಂದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಲೈನ್‌ಮನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಇಳಿದ ಮೇಲೆ ವಾಪಸ್ ಕೊಡಬೇಕು. ಅವನು ವಾಪಸ್ ಕೊಡುವ ತನಕ ಆ ಲೈನಿಗೆ ಯಾರೂ ಕರೆಂಟ್ ಬಿಡುವ ಹಾಗಿಲ್ಲ. ತಂಗಿಯ ಮಗಳು ಬಿದ್ದು ಬಿದ್ದು ನಕ್ಕಳು. ವಿಜ್ಞಾನಿಗಳು ಇದಕ್ಕೆ ಪಾರ್ಪ್ ಸಿಕ್ಕಿಬೀಳುವುದು ಅನ್ನುತ್ತಾರಂತೆ. ಸುಮ್ನೆ ಬಾವುಟ ತಪ್ಪಿಸುವುದಕ್ಕಿಂತ ಹೀಗೆ ಸಿಕ್ಕಿಸಿ ಹಾಕುವುದೇ ಕ್ಯಾನ್ಸರ್ ಕೋಶಕ್ಕೆ ಜಾಸ್ತಿ ಪೆಟ್ಟು. ಟಾಲಾಜೊಪರಿಬ್ ಅಂತ ಇನ್ನೊಂದಿದೆ, ಸಿಕ್ಕಿಸುವುದರಲ್ಲಿ ಅದರ ಕೈ ಎಷ್ಟು ಬಿಗಿ ಅಂದರೆ ದಿನಕ್ಕೆ ಒಂದು ಮಿಲಿಗ್ರಾಂ ಸಾಕು. ನಾನು ನುಂಗಿದ್ದು ದಿನಕ್ಕೆ 600 ಮಿಲಿಗ್ರಾಂ.

ಈಗ ಕೋಶ ಎರಡಾಗಲು ಹೊರಟಿತು ಅನ್ನಿ. ಡಿಎನ್‌ಎಯ ನಕಲು ತೆಗೆಯುವ ಯಂತ್ರ ಆ ದಾರಿಯಲ್ಲಿ ಬರುತ್ತದೆ. ಒಣಹುಲ್ಲು ಎತ್ತರಕ್ಕೆ ತುಂಬಿದ ಲಾರಿ ಊರೊಳಗೆ ಬಂದ ಹಾಗೆ. ಸಿಕ್ಕಿಬಿದ್ದ ಪಾರ್ಪ್‌ಗೆ ತಾಗಿ ಎರಡೂ ತಂತಿ ಹರಿಯುತ್ತವೆ. ಎರಡೂ ಹರಿದರೆ ಲೈನ್‌ಮನ್ ಒಬ್ಬನಿಂದ ಆಗದು, ಗ್ಯಾಂಗ್ ಬರಬೇಕು. ಆ ಗ್ಯಾಂಗಿನ ಮೇಸ್ತ್ರಿಗಳೇ ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2. ನನ್ನ ಮೈಯ ಉಳಿದ ಕೋಶಗಳಲ್ಲಿ ಅಮ್ಮನ ಕಡೆಯಿಂದ ಬಂದ ಜೀನಿನ ಪ್ರತಿ ಕೆಟ್ಟಿದ್ದರೂ ಅಪ್ಪನ ಕಡೆಯದು ಸರಿ ಇದೆ, ಗ್ಯಾಂಗ್ ಬರುತ್ತದೆ. ಕ್ಯಾನ್ಸರ್ ಕೋಶದಲ್ಲಿ ಅಪ್ಪನ ಕಡೆಯದೂ ಹೋಗಿದೆ. ಗ್ಯಾಂಗ್ ಇಲ್ಲ. ಆ ಕೋಶ ಸಾಯುತ್ತದೆ. 2005ರಲ್ಲಿ ಇಂಗ್ಲೆಂಡಿನ ಎರಡು ತಂಡಗಳು, ಒಂದು ಶೆಫೀಲ್ಡ್‌ನದು, ಇನ್ನೊಂದು ಲಂಡನ್ನಿನದು, 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಇದನ್ನು ತೋರಿಸಿಕೊಟ್ಟವು. ಅದಕ್ಕೂ ಮೊದಲು ಪಾರ್ಪ್ ತಡೆಯುವ ವಸ್ತುಗಳನ್ನು ಕೀಮೊ, ರೇಡಿಯೇಷನ್ ಜೊತೆ ಬಳಸುವುದೇ ಮುಖ್ಯ ಯೋಚನೆಯಾಗಿತ್ತಂತೆ.

ಹಾಗಾಗಿ ನನ್ನ ಮೊದಲ ಮಾತು. ಪಕ್ಕದ ಮನೆಯವರಿಗೆ ಕೊಟ್ಟರು, ನಮಗೂ ಬರೆದುಕೊಡಿ ಅಂತ ಡಾಕ್ಟರ ಹತ್ತಿರ ಹಟ ಮಾಡುವ ಮಾತ್ರೆ ಇದಲ್ಲ. ಜೀನಿನಲ್ಲೋ ಗಡ್ಡೆಯಲ್ಲೋ ಈ ರಿಪೇರಿ ಕೆಟ್ಟಿದ್ದರೆ ಬಂಗಾರ. ಕೆಟ್ಟಿಲ್ಲದಿದ್ದರೆ ಸಿಗುವ ಲಾಭ ಬಹಳ ಕಡಿಮೆ. ಮಾತ್ರೆಗೆ ಮುಂಚೆ ಪರೀಕ್ಷೆ. ಅಂದ ಹಾಗೆ ಇದು ಹೆಂಗಸರಿಗೆ ಮಾತ್ರ ಅಲ್ಲ. ಬಿಆರ್‌ಸಿಎ ಕೆಟ್ಟಿರುವ ಸ್ತನ, ಮೇದೋಜೀರಕ ಗ್ರಂಥಿ ಮತ್ತು ಪ್ರಾಸ್ಟೇಟ್ ಕ್ಯಾನ್ಸರಿಗೂ ಕೊಡುತ್ತಾರೆ. ಕೆಟ್ಟ ಪ್ರತಿ ಗಂಡುಮಕ್ಕಳಿಗೂ ಹೋಗುತ್ತದೆ. ನಮ್ಮ ಅಣ್ಣನಿಗೆ ಇದನ್ನು ನಂಬಿಸಲು ಒಂದು ವರ್ಷ ಹಿಡಿಯಿತು.

ಬಳಕೆಗೆ ಬರೋಣ. 150 ಮಿಲಿಗ್ರಾಂನದು ಹಸಿರು ಬಣ್ಣ, ಮೊಟ್ಟೆಯಾಕಾರ. ಅಗಿಯಬಾರದು, ಪುಡಿ ಮಾಡಬಾರದು, ಇಡಿಯಾಗಿ ನುಂಗಬೇಕು. ಊಟದ ಮೊದಲೋ ನಂತರವೋ, ಯಾವಾಗಾದರೂ ಸರಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಡಬಲ್ ತೆಗೆದುಕೊಳ್ಳುವ ಹಾಗಿಲ್ಲ. ನಾನು ಸಂಜೆಯದನ್ನು ದೀಪ ಹಚ್ಚುವ ಹೊತ್ತಿಗೆ ಕಟ್ಟಿಹಾಕಿದೆ, ಎರಡು ವರ್ಷದಲ್ಲಿ ಮರೆತದ್ದು ಎರಡು ಸಲ. 2014ರಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಸಿಕ್ಕಾಗ ಇದು ಕ್ಯಾಪ್ಸೂಲ್ ಆಗಿತ್ತು. ಹೊತ್ತಿಗೆ ಎಂಟು, ದಿನಕ್ಕೆ ಹದಿನಾರು! ಅದನ್ನು ಕೇಳಿದ ಮೇಲೆ ನನ್ನ ನಾಲ್ಕರ ಬಗ್ಗೆ ಗೊಣಗುವುದು ಬಿಟ್ಟೆ. ಡಬ್ಬಿಯೊಳಗಿನ ಕಾಗದ ಬಿಡಿಸಿದರೆ ಊಟದ ಎಲೆಯಷ್ಟು ದೊಡ್ಡದು. ಅಕ್ಷರ ಸಾಸಿವೆಗಿಂತ ಸಣ್ಣದು. ನನ್ನದರಲ್ಲಿ ಕನ್ನಡದ ಒಂದು ಸಾಲೂ ಇರಲಿಲ್ಲ.

ಮೊದಲ ಆರು ವಾರ ಹೊಟ್ಟೆ ತೊಳಸು. ವಾಂತಿ ಜಾಸ್ತಿ ಆಗಲಿಲ್ಲ, ಆದರೆ ಆಗುತ್ತದೆ ಆಗುತ್ತದೆ ಅನ್ನುವ ಭಾವ ಇಡೀ ದಿನ. ಡಾಕ್ಟರು ಕೊಟ್ಟ ವಾಂತಿ ಮಾತ್ರೆಯನ್ನು ಅರ್ಧ ಗಂಟೆ ಮೊದಲು ನುಂಗಿ, ಮೇಲೆ ಎರಡು ನೀರುದೋಸೆ ತಿಂದರೆ ತಡೆಯುತ್ತಿತ್ತು. ಮಧ್ಯಾಹ್ನ ಶುಂಠಿ ತಂಬುಳಿ. ಕಾಫಿ ಮಾತ್ರ ಕೈಕೊಟ್ಟಿತು. ಮೊದಲ ಗುಟುಕಿಗೇ ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ. ರುಚಿ ಕೆಡುವುದು ಈ ಮಾತ್ರೆಯ ಗೊತ್ತಿರುವ ಗುಣವೇ ಅಂತೆ. ನಲವತ್ತು ವರ್ಷದ ಚಟ, ಮಾರ್ಚ್ ತಿಂಗಳಲ್ಲಿ ಬಿಟ್ಟೆ, ದೀಪಾವಳಿಗೆ ವಾಪಸ್ ಬಂತು.

ಇನ್ನೊಂದು ಚಕ್ಕೋತದ ವಿಷಯ. ಆ ಕಾಗದದಲ್ಲಿ ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತ ಇದೆ. ನಮ್ಮೂರಿನಲ್ಲಿ ಯಾರು ತಿನ್ನುತ್ತಾರೆ ಅಂತ ನಕ್ಕಿದ್ದೆ. ತಂಗಿಯ ಮಗಳು ಹಿತ್ತಲಿನ ಮರ ತೋರಿಸಿದಳು. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ. ಡಾಕ್ಟರನ್ನು ಕೇಳಿದರೆ, ಅದೂ ಬೇಡ ಅಂದರು. ಈ ಹಣ್ಣುಗಳ ರಸ ನಮ್ಮ ಕರುಳಿನಲ್ಲಿರುವ ಇನ್ನೊಂದು ಕಿಣ್ವವನ್ನು ತಡೆಯುತ್ತದೆ. ಮಾತ್ರೆಯನ್ನು ಕರಗಿಸಿ ಹೊರಗೆ ಹಾಕುವ ಕಿಣ್ವ ಅದೇ. ಅದು ನಿಂತರೆ ರಕ್ತದಲ್ಲಿ ಮದ್ದು ಏರುತ್ತದೆ. ಒಂದು ಕಿಣ್ವ ತಡೆಯಲಿಕ್ಕೆ ಸಾಲ ಮಾಡಿ ಮಾತ್ರೆ, ಇನ್ನೊಂದು ಕಿಣ್ವ ತಡೆಯಲಿಕ್ಕೆ ಹಿತ್ತಲಲ್ಲಿ ಬಿಟ್ಟಿ ಹಣ್ಣು! ಕಹಿ ಕಿತ್ತಳೆಯೂ ಬೇಡದ ಪಟ್ಟಿಯಲ್ಲಿತ್ತು. ಅದನ್ನು ನೋಡಿ ಹೆರಳೆಕಾಯಿ ಗೊಜ್ಜನ್ನೂ ನಾನೇ ನಿಲ್ಲಿಸಿದೆ. ಎರಡು ವರ್ಷ ಚಕ್ಕೋತವನ್ನು ಮಂಗಗಳು ತಿಂದವು.

ದೊಡ್ಡ ದೂರು ರಕ್ತದ್ದು. ನಾನು ಮಾತ್ರೆ ಶುರು ಮಾಡಿದ ದಿನವೇ ಒಂದು ನೋಟ್‌ಬುಕ್ಕಿಗೆ ಆಫೀಸಿನ ಕಂಪ್ಲೇಂಟ್ ಬುಕ್ಕಿನ ಹಾಗೇ ಗೆರೆ ಹಾಕಿದ್ದೆ. ತಾರೀಖು, ವೇಳೆ, ಸ್ಥಳ, ದೂರು, ಸರಿಪಡಿಸಿದವರು. ಒಂದು ಸಾಲು ಹಾಗೇ ಕೊಡುತ್ತೇನೆ:

'11-7-2022. ಬೆಳಿಗ್ಗೆ 10. ಅಟ್ಟದ ಮೆಟ್ಟಿಲು. ಏಳು ಹತ್ತಿದೆ, ಎಂಟನೆಯದರಲ್ಲಿ ಕೂತೆ. ಎದೆ ಡಬಡಬ. ಕಿವಿಯಲ್ಲಿ ಟಿಸಿ ಗುಂಯ್ ಅಂದ ಹಾಗೆ ಸದ್ದು.'

ಆ ವಾರದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.6. ಶುರುವಿನಲ್ಲಿ 11.2 ಇತ್ತು. ಶಿವಮೊಗ್ಗದಲ್ಲಿ ಎರಡು ಬಾಟಲಿ ರಕ್ತ ಹಾಕಿಸಿಕೊಂಡೆ, ನಾಲ್ಕು ವಾರ ಮಾತ್ರೆ ಬಂದ್. ಆಮೇಲೆ ಹೊತ್ತಿಗೆ 300 ಇದ್ದದ್ದನ್ನು 250ಕ್ಕೆ ಇಳಿಸಿದರು. ಹಸಿರು ಒಂದು, 100ರ ಹಳದಿ ಒಂದು. ಮುಂದೆ ರಕ್ತ ಹತ್ತರ ಆಸುಪಾಸಿನಲ್ಲೇ ನಿಂತಿತು. ಇದಕ್ಕೆ ಕಾರಣವೂ ಇದೆ. ಮೂಳೆಯೊಳಗೆ ರಕ್ತ ಹುಟ್ಟಿಸುವ ಕೋಶಗಳು ಬಿಡುವಿಲ್ಲದೆ ಎರಡಾಗುತ್ತಿರುತ್ತವೆ, ಹುಲ್ಲಿನ ಲಾರಿ ಅಲ್ಲಿ ದಿನವಿಡೀ ಓಡಾಡುತ್ತದೆ. ಜೊತೆಗೆ ಒಲಾಪರಿಬ್ ಪಾರ್ಪ್-1 ಒಂದನ್ನೇ ಹಿಡಿಯುವುದಿಲ್ಲ, ಅದರ ತಮ್ಮ ಪಾರ್ಪ್-2ನ್ನೂ ಹಿಡಿಯುತ್ತದೆ. ಕೆಂಪು ರಕ್ತಕಣಕ್ಕೆ ಆ ತಮ್ಮನೂ ಬೇಕು. ಅದಕ್ಕೇ ಪಾರ್ಪ್-1ನ್ನೇ ಆರಿಸಿ ಹಿಡಿಯುವ ಸಾರುಪರಿಬ್ ಎಂಬ ಹೊಸ ಮದ್ದನ್ನು ರೋಗಿಗಳಲ್ಲಿ ಪ್ರಯೋಗ ಮಾಡುತ್ತಿದ್ದಾರೆ. ಬಂದರೆ ಒಳ್ಳೆಯದೇ. ನನ್ನ ಎರಡು ಬಾಟಲಿ ರಕ್ತವಂತೂ ಹೋಯಿತು.

ಮೊದಲ ವರ್ಷ ತಿಂಗಳು ತಿಂಗಳು ರಕ್ತ ಪರೀಕ್ಷೆ ತಪ್ಪಿಸಲೇಬೇಡಿ. ನೂರರಲ್ಲಿ ಒಬ್ಬಿಬ್ಬರಿಗೆ ಮುಂದೆ ರಕ್ತದ ಕ್ಯಾನ್ಸರೇ ಬರುವ ಅಪಾಯವೂ ಇದೆ. ನಮ್ಮ ಡಾಕ್ಟರು ಇದನ್ನು ಮುಚ್ಚಿಡದೆ ಮೊದಲೇ ಹೇಳಿದರು. ಅದು ನನಗೆ ಇಷ್ಟವಾಯಿತು. ಸುಸ್ತಿನ ಬಗ್ಗೆ ಮಾತ್ರ ಯಾರೂ ಸರಿಯಾಗಿ ಹೇಳುವುದಿಲ್ಲ. ನಿದ್ದೆ ಮಾಡಿ ಎದ್ದರೂ ಹೋಗದ ಸುಸ್ತು ಅದು. ವೋಲ್ಟೇಜ್ ಕಮ್ಮಿ ಇದ್ದಾಗ ಬಲ್ಬು ಉರಿಯುತ್ತಲೇ ಇರುತ್ತದೆ ಅಲ್ವಾ, ಹಾಗೆ.

ಇಷ್ಟೆಲ್ಲ ಅನುಭವಿಸಿ ಸಿಕ್ಕಿದ್ದೇನು? ಡಾಕ್ಟರು ಒಂದು ಅಧ್ಯಯನದ ಲೆಕ್ಕ ತೋರಿಸಿದ್ದರು. ಹೆಸರು ಸೋಲೋ-1, ಪ್ರಕಟವಾದದ್ದು 2018ರಲ್ಲಿ. ನನ್ನ ಹಾಗೇ ಬಿಆರ್‌ಸಿಎ ಕೆಟ್ಟು, ಮೊದಲ ಕೀಮೊಗೆ ಬಗ್ಗಿದ 391 ಹೆಂಗಸರು. ಮೂರು ವರ್ಷ ಕಳೆದಾಗ ಕಾಯಿಲೆ ಮರಳದೆ ಉಳಿದವರು ಒಲಾಪರಿಬ್ ತೆಗೆದುಕೊಂಡವರಲ್ಲಿ ನೂರಕ್ಕೆ 60, ಸುಮ್ಮನೆ ಖಾಲಿ ಮಾತ್ರೆ ನುಂಗಿದವರಲ್ಲಿ 27. ಏಳು ವರ್ಷಕ್ಕೆ ಬದುಕಿದ್ದವರು 67, ಆ ಕಡೆ 46.5. ಆ 46.5 ಓದಿದಾಗ ನನಗೆ ಅನಿಸಿದ್ದು, ಖಾಲಿ ಮಾತ್ರೆಯನ್ನೂ ಯಾರೋ ನನ್ನ ಹಾಗೇ ದೀಪ ಹಚ್ಚುವ ಹೊತ್ತಿಗೆ ಲೆಕ್ಕ ಇಟ್ಟು ನುಂಗಿರುತ್ತಾರಲ್ಲ ಅಂತ. ಆ ಅಧ್ಯಯನದಲ್ಲಿ ಎರಡು ವರ್ಷಕ್ಕೆ ನಿಲ್ಲಿಸಿದ್ದರು, ಅದಕ್ಕೇ ನನಗೂ ಎರಡು ವರ್ಷ. ನಿಲ್ಲಿಸಿ ವರ್ಷದ ಮೇಲಾಯಿತು, ಸ್ಕ್ಯಾನ್ ಶುಭ್ರವಾಗಿದೆ.

ಬೆಲೆ? ಒಂದು ತಿಂಗಳ ಮಾತ್ರೆ ನನ್ನ ಕೊನೆಯ ಸಂಬಳಕ್ಕಿಂತ ಜಾಸ್ತಿ. ನಿವೃತ್ತಿಯ ದುಡ್ಡು ಕೈಗೆ ಬಂತು, ಹಾಗೇ ಹೋಯಿತು. ಮಗ ಸ್ವಲ್ಪ ಸಾಲ ಮಾಡಿದ. ನನ್ನ ಕೊನೆಯ ಡಬ್ಬಿ ಮುಗಿದದ್ದು 2024ರ ಫೆಬ್ರವರಿಯಲ್ಲಿ. ಭಾರತದಲ್ಲಿ ಇದರ ಪೇಟೆಂಟ್ ಮುಗಿದದ್ದು ಅದೇ ಮಾರ್ಚ್‌ನಲ್ಲಿ! ಈಗ ನಮ್ಮ ದೇಶದ ಕಂಪನಿಗಳ ಒಲಾಪರಿಬ್ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಹೊಸದಾಗಿ ಶುರು ಮಾಡುವವರು ಅದನ್ನು ಡಾಕ್ಟರ ಹತ್ತಿರ ಕೇಳಿ, ಸಂಕೋಚ ಬೇಡ. ನನಗೆ ಹೊಟ್ಟೆಕಿಚ್ಚು ಇಲ್ಲ ಅಂದರೆ ಸುಳ್ಳಾಗುತ್ತದೆ.

ಸ್ಟಾರ್ ಕೊಡಬೇಕಾದರೆ ನಾಲ್ಕು. ಒಂದು ಕಳೆದದ್ದು ಹಿಮೋಗ್ಲೋಬಿನ್ನಿಗೆ. ಬೆಲೆಗೆ ಅರ್ಧ ಕಳೆಯೋಣ ಅಂದರೆ ಅರ್ಧ ಸ್ಟಾರ್ ಇಲ್ಲ.

ಪರೀಕ್ಷೆಯ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ. ನನ್ನ ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲಿತ್ತು, ರಕ್ತ ಸಂಬಂಧಿಗಳೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು ಅಂತ. ಒಡಹುಟ್ಟಿದವರಿಗೆ ಆ ಎರಡು ಅಕ್ಷರ ಬಿಟ್ಟ ಪ್ರತಿ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ತಂಗಿಗೆ ಹೇಳಿದೆ. 'ಅಕ್ಕಾ, ನನಗೆ ಏನೂ ಆಗಿಲ್ಲ, ಯಾಕೆ ಬೇಡದ್ದು ಹುಡುಕೋದು' ಅಂದಳು. ಎರಡು ವರ್ಷ ಅದೇ ಮಾತು. ನಾನು ಬಲವಂತ ಮಾಡಲಿಲ್ಲ. ಕೊನೆಗೆ ಅವಳ ಮಗಳು ಯಾರಿಗೂ ಹೇಳದೆ ತಾನೇ ರಕ್ತ ಕೊಟ್ಟು ಬಂದಳು. ಅವಳಿಗೆ ಇಪ್ಪತ್ತಾರು. ಅದೇ ಎರಡು ಅಕ್ಷರ. ಅವಳ ರಿಪೋರ್ಟ್ ಬಂದ ದಿನ ಅವಳ ಅಮ್ಮನ ರಿಪೋರ್ಟೂ ಬಂದ ಹಾಗೇ ಆಯಿತು. ಅದು ಬೇರೆ ಎಲ್ಲಿಂದ ಬರಬೇಕು?

ತಂಗಿ ಹದಿನೈದು ದಿನ ನನ್ನ ಫೋನ್ ಎತ್ತಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ತಾನೇ ಬಂದು, ಜಗಲಿಯಲ್ಲಿ ಚೀಲ ಇಟ್ಟು, 'ನಿನ್ನ ಡಾಕ್ಟರ ನಂಬರ್ ಕೊಡು' ಅಂದಳು. ತನ್ನ ಪರೀಕ್ಷೆಯೂ ಮಾಡಿಸಿಕೊಂಡಳು. ಅವಳಿಗೆ ಐವತ್ತೆರಡು, ಮಕ್ಕಳು ಬೆಳೆದಿದ್ದಾರೆ. ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿಕೊಂಡಳು. ತೆಗೆದದ್ದರಲ್ಲಿ ಏನೂ ಇರಲಿಲ್ಲ. ಈಗ ಮಾತಾಡುತ್ತಾಳೆ. ನನ್ನ ನೋಟ್‌ಬುಕ್ಕನ್ನು ಓದಿ, 'ಅಕ್ಷರ ಇನ್ನೂ ಆಫೀಸಿನ ಹಾಗೇ ಇದೆ' ಅಂತ ಕಾಲೆಳೆದಳು.

ಅವಳ ಮಗಳಿಗೆ ಆಪರೇಷನ್ನಿಗೆ ಇನ್ನೂ ವಯಸ್ಸಿದೆ, ಸದ್ಯಕ್ಕೆ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ. ಮೊದಲನೆಯದು ಮುಂದಿನ ತಿಂಗಳು. 'ದೊಡ್ಡಮ್ಮ, ನೀವೂ ಬನ್ನಿ' ಅಂದಿದ್ದಾಳೆ. ರಾತ್ರಿ ಬಸ್ಸಿಗೆ ಮೂರು ಟಿಕೆಟ್ ಆಗಿದೆ. ನನಗೆ ಕೆಳಗಿನ ಬರ್ತೇ ಬೇಕು ಅಂತ ಹೇಳಿಬಿಟ್ಟಿದ್ದೇನೆ. ಮೇಲಿನದರ ಬಗ್ಗೆ ಏನು ಬರೆದಿದ್ದೆ ಅಂತ ಅವಳು ಓದಿದ್ದಾಳೆ.